ಬೆರಳು ಮರೆಯದ ಕಾಳಗ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಬಯಲಿನಲ್ಲಿ ಆಡಲಾಗದ ಕಾಳಗವನ್ನು ಆಗ ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಕುಳಿತು ಮಾತಿನಲ್ಲೇ ನಡೆಸುತ್ತಾರೆ. ಅದೇ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭೀಷ್ಮ-ಪರಶುರಾಮರೋ ಕೃಷ್ಣ-ಕೌರವರೋ ಎದುರುಬದುರು ಕುಳಿತು ವಾದಕ್ಕಿಳಿಯುತ್ತಾರೆ. ಪದ್ಯ ಮೊದಲೇ ಇದೆ, ಕಥೆಯ ಕೊನೆಯೂ ಸಭೆಗೆ ಗೊತ್ತು. ಗೊತ್ತಿಲ್ಲದಿರುವುದು ಒಂದೇ: ಎದುರಿನವನು ಮುಂದೆ ಏನು ಹೇಳುತ್ತಾನೆ ಎಂಬುದು. ಮನೆಯಲ್ಲಿ ಎಷ್ಟೇ ಸಿದ್ಧತೆ ಮಾಡಿಕೊಂಡರೂ ಅರ್ಥಧಾರಿಯ ಬಲ ತಿಳಿಯುವುದು ಸಮರ್ಥನೊಬ್ಬ ಎದುರಿಗೆ ಕುಳಿತಾಗಲೇ.

ವಿಡಿಯೊ ಗೇಮುಗಳ ಲೋಕದಲ್ಲೂ ಇಂಥದೊಂದು ಪ್ರಕಾರವಿದೆ. ಅದು ಕಾಳಗದ ಆಟ, ಹುಡುಗರ ಮಾತಿನಲ್ಲಿ ‘ಫೈಟಿಂಗ್ ಗೇಮ್’. ಪರದೆಯ ಎಡಕ್ಕೊಬ್ಬ, ಬಲಕ್ಕೊಬ್ಬ. ಇಬ್ಬರ ತಲೆಯ ಮೇಲೂ ಶಕ್ತಿ ತೋರಿಸುವ ಒಂದೊಂದು ಪಟ್ಟಿ. ಯಾರ ಪಟ್ಟಿ ಮೊದಲು ಬರಿದಾಗುತ್ತದೋ ಅವನು ಸೋತ. ಮೂರರಲ್ಲಿ ಎರಡು ಸುತ್ತು ಗೆದ್ದವನು ಜಯಶಾಲಿ. ಕಳೆದ ಶತಮಾನದ ಕೊನೆಯ ದಶಕದಲ್ಲಿ ನಾಣ್ಯ ಹಾಕಿ ಈ ಆಟ ಕಲಿತ ಹುಡುಗರಿಗೆ ಈಗ ನಲವತ್ತು ದಾಟಿದೆ. ನಡುವೆ ಓದು, ಉದ್ಯೋಗ, ಸಂಸಾರಗಳಲ್ಲಿ ಆಟ ಬಿಟ್ಟುಹೋದವರಲ್ಲಿ ಅನೇಕರು ಜಗತ್ತಿನಾದ್ಯಂತ ಮತ್ತೆ ಇದರತ್ತ ಮುಖ ಮಾಡಿದ್ದಾರೆ. ಹಳೆಯ ನೆನಪಿನ ಸೆಳೆತವಷ್ಟೇ ಇದಕ್ಕೆ ಕಾರಣ ಎಂದರೆ ಪೂರ್ತಿ ನಿಜವಲ್ಲ. ಕಾರಣ ತಿಳಿಯಲು ಆಟದ ಇತಿಹಾಸವನ್ನೇ ನೋಡಬೇಕು.

ಆರು ಗುಂಡಿಗಳ ಯಂತ್ರ

ಪರದೆಯ ಮೇಲೆ ಇಬ್ಬರನ್ನು ಹೊಡೆದಾಡಿಸುವ ಯೋಚನೆ ಹೊಸದಲ್ಲ. ಜಪಾನಿನ ಸೆಗಾ ಕಂಪನಿ 1976ರಲ್ಲೇ ಮುಷ್ಟಿಯುದ್ಧದ ಯಂತ್ರವೊಂದನ್ನು ತಂದಿತ್ತು. 1984ರಲ್ಲಿ ಬಂದ ‘ಕರಾಟೆ ಚಾಂಪ್’ನಲ್ಲಿ ಗುಂಡಿಗಳೇ ಇರಲಿಲ್ಲ, ಆಡುವವನು ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಒದೆತ, ಗುದ್ದುಗಳನ್ನು ನಡೆಸಬೇಕಿತ್ತು. 1985ರ ಹೊತ್ತಿಗೆ ಕೊನಾಮಿ ಕಂಪನಿಯ ‘ಯೀ ಆರ್ ಕುಂಗ್‌ಫು’ ಬಂತು. ಒಬ್ಬೊಬ್ಬ ಎದುರಾಳಿಗೂ ಒಂದೊಂದು ಬಗೆಯ ಆಯುಧ, ಒಂದೊಂದು ಬಗೆಯ ವರಸೆ ಎಂಬುದು ಅದರ ಹೊಸತನ.

1987ರಲ್ಲಿ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್’ ಎಂಬ ಯಂತ್ರವನ್ನು ಹೊರತಂದಿತು. ಅದರ ಒಂದು ಮಾದರಿಯಲ್ಲಿ ಎಷ್ಟು ಜೋರಾಗಿ ಗುದ್ದಿದರೆ ಅಷ್ಟು ಬಲವಾದ ಏಟು ಬೀಳುವಂಥ ಮೆತ್ತೆಗಳಿದ್ದವು. ಆಡುವವರ ಕೈ ನೊಂದಿತೇ ಹೊರತು ವ್ಯವಸ್ಥೆ ಉಳಿಯಲಿಲ್ಲ. ಅದರ ಬದಲು ಬಂದದ್ದು ಆರು ಗುಂಡಿಗಳು: ಹಗುರ, ಮಧ್ಯಮ, ಭಾರಿ ಎಂಬ ಮೂರು ಗುದ್ದು, ಮೂರು ಒದೆತ. ಮುಂದಿನ ಚರಿತ್ರೆಯನ್ನೆಲ್ಲ ಬರೆದದ್ದು ಈ ಆರು ಗುಂಡಿಗಳೇ.

1991ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 2’ ಆಟದ ಸ್ವರೂಪವನ್ನೇ ಬದಲಿಸಿತು. ಇಬ್ಬರು ಅಕ್ಕಪಕ್ಕ ನಿಂತು, ಎಂಟು ಮಂದಿ ಕಾದಾಳುಗಳಲ್ಲಿ ತಮಗೆ ಬೇಕಾದವರನ್ನು ಆರಿಸಿಕೊಂಡು ಆಡಬಹುದಿತ್ತು. ಅವರಲ್ಲೊಬ್ಬ ಭಾರತದ ಯೋಗಿ ಧಾಲ್ಸಿಮ್. ಕೈಕಾಲುಗಳನ್ನು ಮಾರುದ್ದ ಚಾಚುವ, ಬಾಯಿಂದ ಬೆಂಕಿ ಉಗುಳುವ ಈ ಯೋಗಿಗೂ ನಿಜವಾದ ಯೋಗಕ್ಕೂ ಸಂಬಂಧವಿಲ್ಲದಿದ್ದರೂ, ನಮ್ಮ ಹುಡುಗರಿಗೆ ಅವನು ಸ್ವದೇಶಿಯಾಗಿ ಕಂಡ.

ಈ ಆಟದ ಬಹುಮುಖ್ಯ ಗುಣವೊಂದು ಹುಟ್ಟಿದ್ದು ಆಕಸ್ಮಿಕವಾಗಿ. ಒಂದು ಏಟು ಮುಗಿಯುವ ಮೊದಲೇ ಮುಂದಿನದನ್ನು ಪೋಣಿಸಿದರೆ ಎದುರಾಳಿಗೆ ತಪ್ಪಿಸಿಕೊಳ್ಳಲು ಅವಕಾಶವೇ ಸಿಗದು ಎಂಬ ಸಂಗತಿ ಪರೀಕ್ಷೆಯ ವೇಳೆ ನಿರ್ಮಾಪಕ ನೊರಿಟಾಕ ಫುನಾಮಿಜು ಅವರ ಗಮನಕ್ಕೆ ಬಂತು. ಅದನ್ನು ಸಾಧಿಸುವುದು ಬಲು ಕಷ್ಟ, ಯಾರಿಗೂ ಉಪಯೋಗಕ್ಕೆ ಬಾರದು ಎಂದು ಹಾಗೆಯೇ ಬಿಡಲಾಯಿತು. ಆಡುವವರು ಬಿಡಲಿಲ್ಲ. ‘ಕಾಂಬೊ’ ಎಂಬ ಏಟುಗಳ ಸರಪಣಿ ಇಂದು ಈ ಪ್ರಕಾರದ ಬೆನ್ನೆಲುಬಾಗಿದೆ.

ಪೇಟೆಯ ವಿಡಿಯೊ ಗೇಮ್ ಅಂಗಡಿ

ಕರ್ನಾಟಕದ ಪೇಟೆಗಳಿಗೆ ಈ ಕಾಳಗ ಬಂದದ್ದು ಎರಡು ದಾರಿಯಲ್ಲಿ. ಒಂದು, ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳ ಅಂಗಡಿ. ಇನ್ನೊಂದು, ಟಿ.ವಿ.ಗೆ ಜೋಡಿಸುವ ಅಗ್ಗದ ಆಟದ ಪೆಟ್ಟಿಗೆ. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲುಗಳಾಗಿದ್ದ ಈ ಪೆಟ್ಟಿಗೆಗಳಿಗೆ ಹತ್ತಾರು ಆಟಗಳಿದ್ದ ಕ್ಯಾಸೆಟ್ ಸಿಕ್ಕಿಸಬೇಕಿತ್ತು. ‘ಯೀ ಆರ್ ಕುಂಗ್‌ಫು’ ನಮ್ಮ ಮನೆಗಳಿಗೆ ಬಂದದ್ದು ಇವುಗಳ ಮೂಲಕವೇ.

ಅಂಗಡಿಯ ನಿಯಮ ಎಲ್ಲ ಊರಿನಲ್ಲೂ ಒಂದೇ: ಗೆದ್ದವನು ನಿಲ್ಲಬೇಕು, ಸೋತವನು ಜಾಗ ಬಿಡಬೇಕು. ಕೈಯಲ್ಲಿ ಒಂದೇ ನಾಣ್ಯವಿದ್ದ ಹುಡುಗ ಅರ್ಧ ಗಂಟೆ ಆಡಬೇಕಾದರೆ ಗೆಲ್ಲುತ್ತಲೇ ಇರಬೇಕು. ಹಿಂದೆ ನಿಂತವರು ನೋಡಿ ಕಲಿಯುತ್ತಿದ್ದರು. ಪುಸ್ತಕವಿಲ್ಲ, ಗುರುವಿಲ್ಲ, ಕೋಲನ್ನು ಕೆಳಗೆ, ಓರೆಗೆ, ಮುಂದಕ್ಕೆ ಹೊರಳಿಸಿ ಗುದ್ದಿನ ಗುಂಡಿ ಒತ್ತಿದರೆ ಅಂಗೈಯಿಂದ ಬೆಂಕಿಯ ಚೆಂಡು ಹೊರಡುತ್ತದೆ ಎಂಬ ವಿದ್ಯೆ ಬಾಯಿಂದ ಬಾಯಿಗೆ ದಾಟಿತು. ಮಲೆನಾಡಿನ ಹಳ್ಳಿಯ ಹುಡುಗನಿಗೆ ಇದು ಇನ್ನೂ ದುಬಾರಿ. ಪೇಟೆಗೆ ಬರುವುದೇ ಅಪರೂಪ, ಬಂದರೆ ಹಿಂದಿರುಗುವ ಬಸ್ಸಿನ ಹೊತ್ತು ತಪ್ಪುವಂತಿಲ್ಲ.

ಹಿರಿಯರಿಗೆ ಈ ಅಂಗಡಿಗಳ ಬಗ್ಗೆ ಸಮಾಧಾನವಿರಲಿಲ್ಲ. ಆತಂಕ ನಮ್ಮಲ್ಲಷ್ಟೇ ಇದ್ದದ್ದೂ ಅಲ್ಲ. 1992ರ ‘ಮಾರ್ಟಲ್ ಕಾಂಬ್ಯಾಟ್’ ಆಟದ ರಕ್ತಪಾತ ಕಂಡು ಅಮೆರಿಕದ ಸೆನೆಟ್ 1993ರ ಡಿಸೆಂಬರ್‌ನಲ್ಲಿ ವಿಚಾರಣೆಯನ್ನೇ ನಡೆಸಿತು. ಅದರ ಫಲವಾಗಿ 1994ರಲ್ಲಿ ಯಾವ ಆಟ ಯಾವ ವಯಸ್ಸಿಗೆ ಎಂದು ನಿಗದಿ ಮಾಡುವ ಮಂಡಳಿ ಅಲ್ಲಿ ಸ್ಥಾಪನೆಯಾಯಿತು.

ಬರಿದಾದ ಅಖಾಡ

ಹೊಸ ಶತಮಾನ ಕಾಲಿಡುವ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಮುಚ್ಚತೊಡಗಿದವು. 1994ರಲ್ಲಿ ಬಂದ ‘ಟೆಕ್ಕೆನ್’ನಂಥ ಆಟಗಳು ಪ್ಲೇಸ್ಟೇಷನ್ ಮೂಲಕ ಮನೆ ಸೇರಿದವು. ಮನೆಗೆ ಬಂದ ಆಟಕ್ಕೆ ನಾಣ್ಯ ಬೇಡ, ಸರದಿ ಕಾಯುವುದೂ ಬೇಡ. ಆದರೆ ಎದುರಾಳಿಯೂ ಇಲ್ಲ. ಯಂತ್ರದ ವಿರುದ್ಧ ಆಡಿ ಬೇಸತ್ತವರು ಬೇರೆ ಆಟಗಳಿಗೆ ಹೊರಳಿದರು. ಉಳಿದ ಪಳಗಿದವರಿಗಾಗಿ ಆಟಗಳು ಹೆಚ್ಚು ಹೆಚ್ಚು ಜಟಿಲವಾದವು, ಹೊಸಬರು ಹೆದರಿ ದೂರ ಸರಿದರು. 1999ರ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಆದ ಮೇಲೆ ಆ ಸರಣಿಯ ಮುಂದಿನ ಅಂಕಿಯ ಆಟಕ್ಕಾಗಿ 2008ರವರೆಗೆ ಕಾಯಬೇಕಾಯಿತು.

ಇದೇ ವರ್ಷಗಳಲ್ಲಿ ಮಲೆನಾಡಿನ ತರುಣರು ಓದಿಗೆಂದು, ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತಿದರು. ಅಖಾಡ ಬರಿದಾದದ್ದಕ್ಕೆ ಯಂತ್ರ ಹಳತಾದದ್ದು ಮುಖ್ಯ ಕಾರಣವಲ್ಲ. ಎದುರಿಗೆ ನಿಲ್ಲುತ್ತಿದ್ದವರು ಚದುರಿದ್ದೇ ಕಾರಣ.

ಹೋಗಿ ಬಂದವರು

ಹೀಗೆ ಆಟ ಬಿಟ್ಟು ಮರಳಿದವರಲ್ಲಿ ಅತ್ಯಂತ ಪ್ರಸಿದ್ಧ ಜಪಾನಿನ ಡೈಗೊ ಉಮೆಹರ. ಅವರು ಹುಟ್ಟಿದ್ದು 1981ರಲ್ಲಿ. ಅಮೆರಿಕದಲ್ಲಿ 1996ರಲ್ಲಿ ಸಣ್ಣದಾಗಿ ಶುರುವಾಗಿ ಮುಂದೆ ‘ಇವೊ’ ಎಂದು ಹೆಸರಾದ ಪಂದ್ಯಾವಳಿಯಲ್ಲಿ, 2004ರಲ್ಲಿ ಅವರು ಜಸ್ಟಿನ್ ವಾಂಗ್ ಎದುರು ಆಡಿದ ಸುತ್ತು ಇಂದಿಗೂ ದಂತಕಥೆ. ಉಮೆಹರ ಅವರ ಶಕ್ತಿಯ ಪಟ್ಟಿಯಲ್ಲಿ ಉಳಿದಿದ್ದದ್ದು ಎಳೆಯಷ್ಟು. ಎದುರಾಳಿ ಹದಿನೈದು ಒದೆತಗಳ ಮಹಾಸ್ತ್ರವನ್ನೇ ಬಿಟ್ಟರು. ಉಮೆಹರ ಒಂದೊಂದು ಒದೆತ ತಾಗುವ ಕ್ಷಣಕ್ಕೆ ಸರಿಯಾಗಿ ಕೋಲನ್ನು ಮುಂದಕ್ಕೆ ತಳ್ಳಿ ಹದಿನೈದನ್ನೂ ತಡೆದು, ತಿರುಗಿ ಹೊಡೆದು ಗೆದ್ದರು. ಸಭಾಂಗಣ ಎದ್ದು ಕೂಗಿತು. ಆ ವರ್ಷದ ಆ ಪ್ರಶಸ್ತಿ ಮಾತ್ರ ಅವರಿಗೆ ಸಿಗಲಿಲ್ಲ. ಅಂತಿಮ ಪಂದ್ಯದಲ್ಲಿ ಸೋತರು.

ಅದಾದ ಕೆಲವೇ ವರ್ಷಗಳಲ್ಲಿ ಉಮೆಹರ ಆಟವನ್ನೇ ಬಿಟ್ಟರು. ಇದರಲ್ಲಿ ಬದುಕು ಕಾಣಲಿಲ್ಲವೆಂದು ಬಿಲ್ಲೆಗಳ ಆಟವಾದ ಮಾಜಾಂಗ್ ಕಲಿತರು, ಅದನ್ನೂ ಬಿಟ್ಟು ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದರು. 2008ರಲ್ಲಿ ‘ಸ್ಟ್ರೀಟ್ ಫೈಟರ್ 4’ ಬಂದಾಗ ಅವರು ಮರಳಿದರು. 1991ರ ಆಟದ ಕಾದಾಳುಗಳೆಲ್ಲ ಅದರಲ್ಲಿ ತಿರುಗಿ ಬಂದಿದ್ದರು. ಹಳಬರನ್ನು ಕರೆತರುವುದು ಕಂಪನಿಯ ಉದ್ದೇಶವೇ ಆಗಿತ್ತು. 2009 ಮತ್ತು 2010ರ ಇವೊ ಪ್ರಶಸ್ತಿಗಳು ಉಮೆಹರ ಅವರ ಪಾಲಾದವು.

ವಯಸ್ಸಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಚೀನಾದ ಹಾಂಗ್‌ಝೌನಲ್ಲಿ. 2023ರಲ್ಲಿ ಅಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ವಿಡಿಯೊ ಗೇಮುಗಳಿಗೆ ಮೊದಲ ಬಾರಿ ಪದಕದ ಮಾನ್ಯತೆ ದೊರೆಯಿತು. ‘ಸ್ಟ್ರೀಟ್ ಫೈಟರ್ 5’ ಸ್ಪರ್ಧೆಯಲ್ಲಿ ಭಾರತದ ಇಬ್ಬರೂ ಕಣದಲ್ಲಿದ್ದರು, ಪದಕ ಬರಲಿಲ್ಲ. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್ ವೂ. ಅಂತಿಮ ಪಂದ್ಯದಲ್ಲಿ 4-3ರಿಂದ ಜಯ. ಅವರ ವಯಸ್ಸು 44.

ಕ್ಷಣದ ಅರವತ್ತು ಪಾಲು

ಇಪ್ಪತ್ತರ ಹುಡುಗರ ನಡುವೆ ನಲವತ್ತನಾಲ್ಕರವನು ಗೆದ್ದದ್ದು ಹೇಗೆ? ಈ ಆಟದಲ್ಲಿ ಒಂದು ಸೆಕೆಂಡಿಗೆ ಅರವತ್ತು ಚಿತ್ರಗಳು ಓಡುತ್ತವೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು, ಅಂದರೆ ಹನ್ನೆರಡರಿಂದ ಹದಿನೈದು ಚಿತ್ರಗಳಷ್ಟು ಹೊತ್ತು ಬೇಕು. ಹಗುರವಾದ ಗುದ್ದು ಹೊರಬೀಳುವುದು ನಾಲ್ಕೈದು ಚಿತ್ರಗಳಲ್ಲಿ. ಅಂದರೆ ಅದನ್ನು ನೋಡಿ ತಡೆಯುವುದು ಯಾವ ವಯಸ್ಸಿನವನಿಗೂ ಸಾಧ್ಯವಿಲ್ಲ. ಎದುರಾಳಿಯ ಅಭ್ಯಾಸ, ಆತುರ, ಅಂಜಿಕೆಗಳನ್ನು ಓದಿ ಮೊದಲೇ ಊಹಿಸಬೇಕು. ಎದುರಿನವನ ಮಾತು ಎತ್ತ ತಿರುಗುತ್ತಿದೆ ಎಂದು ಹಿರಿಯ ಅರ್ಥಧಾರಿ ಮೊದಲೇ ಗ್ರಹಿಸುವಂಥ ವಿದ್ಯೆ ಇದು. ವರ್ಷಗಳ ಬಳಿಕ ಮರಳಿದವನ ಬೆರಳಿಗೆ ಹಳೆಯ ವರಸೆಗಳು ಬೇಗನೆ ನೆನಪಾಗುತ್ತವೆ. ತುಕ್ಕು ಹಿಡಿದಿರುವುದು ಈ ಓದು. ಅದಕ್ಕೆ ಸಾಣೆ ಹಿಡಿಯಲು ಯಂತ್ರ ಸಾಲದು, ಜೀವಂತ ಎದುರಾಳಿಯೇ ಬೇಕು.

ಆ ಎದುರಾಳಿಯನ್ನು ಈಗ ಒದಗಿಸುತ್ತಿರುವುದು ಅಂತರ್ಜಾಲ. ಮೊದಲಲ್ಲಿ ಇದು ಅಷ್ಟು ಸುಲಭವಿರಲಿಲ್ಲ. ದೂರದವನು ಒತ್ತಿದ ಗುಂಡಿಯ ಸುದ್ದಿ ಬರುವವರೆಗೆ ಇತ್ತಲಿನ ಯಂತ್ರ ಕಾಯಬೇಕಿತ್ತು. ಆಟ ಕೆಸರಿನಲ್ಲಿ ನಡೆದಂತೆ ಭಾರವಾಗುತ್ತಿತ್ತು. ಇವೊ ಪಂದ್ಯಾವಳಿಯ ಸಂಸ್ಥಾಪಕರಲ್ಲೊಬ್ಬರಾದ ಟೋನಿ ಕ್ಯಾನನ್ 2006ರಲ್ಲಿ ಬೇರೊಂದು ಉಪಾಯ ತಂದರು. ಸುದ್ದಿಗೆ ಕಾಯದೆ, ಎದುರಾಳಿ ಏನು ಮಾಡುತ್ತಿದ್ದನೋ ಅದನ್ನೇ ಮುಂದುವರಿಸುತ್ತಾನೆ ಎಂದು ಯಂತ್ರ ಊಹಿಸಿ ಆಟ ನಡೆಸುತ್ತದೆ. ಊಹೆ ತಪ್ಪಿದರೆ ಕೆಲವು ಚಿತ್ರಗಳಷ್ಟು ಹಿಂದೆ ಸರಿದು ತಿದ್ದಿಕೊಳ್ಳುತ್ತದೆ. ಕುಣಿಯುವವನ ಮುಂದಿನ ಹೆಜ್ಜೆಯನ್ನು ಊಹಿಸಿ ಮದ್ದಳೆಗಾರ ಕೈ ಹಾಕುವಂತೆ ಇದು. ‘ರೋಲ್‌ಬ್ಯಾಕ್’ ಎಂಬ ಈ ವಿಧಾನವನ್ನು 2023ರ ‘ಸ್ಟ್ರೀಟ್ ಫೈಟರ್ 6’, 2024ರ ‘ಟೆಕ್ಕೆನ್ 8’ ಎರಡೂ ಬಳಸಿವೆ. ಕೋಲು ಹೊರಳಿಸುವ ಕಷ್ಟವಿಲ್ಲದೆ ಒಂದೇ ಗುಂಡಿಯಲ್ಲಿ ವಿಶೇಷ ಏಟು ಹೊಡೆಯುವ ಅನುಕೂಲವೂ ಸ್ಟ್ರೀಟ್ ಫೈಟರ್ 6ರಲ್ಲಿ ಇದೆ; ಅದಕ್ಕೆ ಪ್ರತಿಯಾಗಿ ಆ ಏಟಿನ ಬಲ ಕಡಿಮೆ. 2023ರ ಇವೊದಲ್ಲಿ ಈ ಒಂದು ಆಟಕ್ಕೇ 7,000ಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು.

ಆದರೆ ಯಾವ ಉಪಾಯವೂ ಇಲ್ಲದ ಸಂಪರ್ಕವನ್ನು ಸೃಷ್ಟಿಸಲಾರದು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಶರಾವತಿಯ ವಿದ್ಯುತ್ತು ನಾಡಿಗೆ ಬೆಳಕು ಕೊಟ್ಟಿತು. ಸಾಗರ ತಾಲ್ಲೂಕಿನ ತುಮರಿ ಕಡೆಯ ಊರುಗಳು ಹಿನ್ನೀರಿನಾಚೆ ಉಳಿದು ಲಾಂಚಿಗಾಗಿ ಕಾಯುವಂತಾಯಿತು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವರು ಕಂಪ್ಯೂಟರ್ ಹಿಡಿದು ಗುಡ್ಡ ಹತ್ತಬೇಕಾಯಿತು. 2021ರಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗರು ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಅಭಿಯಾನವನ್ನೇ ನಡೆಸಿದರು. ಅವರ ಬೇಡಿಕೆ ಆಟಕ್ಕಾಗಿ ಇರಲಿಲ್ಲ. ಮಕ್ಕಳ ಪಾಠ, ದುಡಿಮೆ, ಆಸ್ಪತ್ರೆಗೆ ಕರೆ ಇಂಥವುಗಳಿಗಾಗಿ. ಆದರೂ ಸೆಕೆಂಡಿನ ಅರವತ್ತನೇ ಒಂದು ಪಾಲನ್ನು ಲೆಕ್ಕ ಹಿಡಿಯುವ ಆಟಕ್ಕೂ ಅದೇ ತಂತಿ, ಅದೇ ಗೋಪುರ ಬೇಕು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದುಕೊಂಡು ಹಿನ್ನೀರಿನ ಮೇಲಿನ ಆರು ದಶಕಗಳ ಕಾಯುವಿಕೆ ಮುಗಿಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಕೌಶಲದ ಇ-ಕ್ರೀಡೆಗಳನ್ನು ಪ್ರತ್ಯೇಕವಾಗಿ ಗುರುತಿಸಿತು. ಅಂಗಡಿಯ ಪೆಟ್ಟಿಗೆಯ ಮುಂದೆ ಮಗ ನಿಂತರೆ ಕೆಟ್ಟ ಎನ್ನುತ್ತಿದ್ದ ಕಾಲದಿಂದ ಇದು ದೂರದ ದಾರಿ.

ಮರಳುವವನು ಮೊದಲ ದಿನಗಳಲ್ಲಿ ಸೋಲುತ್ತಾನೆ. ಅದು ಈ ಆಟದ ಹಳೆಯ ಕಟ್ಟಳೆ. ಅಂಗಡಿಯಲ್ಲಿ ಸೋತವನು ಸರಿದು ನಿಂತು, ಗೆದ್ದವನ ಕೈಯನ್ನು ನೋಡಿ ಕಲಿಯುತ್ತಿದ್ದ. ಈಗ ಗೆದ್ದವನು ಎಲ್ಲೋ ದೂರದಲ್ಲಿದ್ದಾನೆ, ಅವನ ಕೈ ಕಾಣುವುದಿಲ್ಲ. ಹಾಗೆಂದು ಪಕ್ಕದ ಜಾಗ ಖಾಲಿಯೇ ಇರಬೇಕೆಂದಿಲ್ಲ. ಮಳೆಗಾಲದ ರಜೆಗೆ ಊರಿಗೆ ಬಂದ ಅಣ್ಣನ ಮಗನ ಕೈಗೆ ಎರಡನೆಯ ನಿಯಂತ್ರಕ ಕೊಟ್ಟರೆ, ಗೋಪುರ ಕೈಕೊಟ್ಟ ದಿನವೂ ಆಟ ನಡೆಯುತ್ತದೆ.