ನಾಗಿಯೋಸ್ ಕೋರ್

ನಾಗಿಯೋಸ್ ಕೋರ್ ಎಂಬುದು ಕಂಪ್ಯೂಟರ್ ಜಾಲಗಳನ್ನೂ ಸರ್ವರ್‌ಗಳನ್ನೂ ಅವುಗಳಲ್ಲಿ ನಡೆಯುವ ಸೇವೆಗಳನ್ನೂ ನಿಯತವಾಗಿ ಪರೀಕ್ಷಿಸಿ, ದೋಷ ಕಂಡುಬಂದಾಗ ನಿರ್ವಾಹಕರಿಗೆ ಎಚ್ಚರಿಕೆ ಕಳುಹಿಸುವ ಮುಕ್ತ ಆಕರ ತಂತ್ರಾಂಶವಾಗಿದೆ. ಇದು ಸಿ ಭಾಷೆಯಲ್ಲಿ ರಚಿತವಾಗಿದ್ದು, ಮುಖ್ಯವಾಗಿ ಲಿನಕ್ಸ್ ಸರ್ವರ್‌ಗಳಲ್ಲಿ ಬಳಕೆಯಲ್ಲಿದೆ. ಇದನ್ನು ಜಿಎನ್‌ಯು ಸಾರ್ವಜನಿಕ ಪರವಾನಗಿಯ 2ನೇ ಆವೃತ್ತಿಯಡಿ ವಿತರಿಸಲಾಗುತ್ತದೆ.

ಇತಿಹಾಸ

ಈಥನ್ ಗಾಲ್‌ಸ್ಟಾಡ್ ಅವರು ಈ ತಂತ್ರಾಂಶವನ್ನು 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಬಿಡುಗಡೆ ಮಾಡಿದರು. ವಾಣಿಜ್ಯ ಮುದ್ರೆಗೆ ಸಂಬಂಧಿಸಿದ ಆಕ್ಷೇಪದ ಕಾರಣ 2002ರಲ್ಲಿ ಹೆಸರನ್ನು ನಾಗಿಯೋಸ್ ಎಂದು ಬದಲಾಯಿಸಲಾಯಿತು. ಗ್ರೀಕ್ ಭಾಷೆಯಲ್ಲಿ ‘ಆಗಿಯೋಸ್’ ಎಂದರೆ ಸಂತ. 2009ರಲ್ಲಿ ಇದರ ಮೂಲ ಸಂಕೇತದಿಂದ ಇಸಿಂಗಾ ಎಂಬ ಪ್ರತ್ಯೇಕ ಯೋಜನೆ ಕವಲೊಡೆಯಿತು.

ಕಾರ್ಯವಿಧಾನ

ನಾಗಿಯೋಸ್ ಸ್ವತಃ ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ. ಪ್ಲಗಿನ್ ಎಂದು ಕರೆಯಲಾಗುವ ಸಣ್ಣ ಕ್ರಮವಿಧಿಗಳನ್ನು ನಿಗದಿತ ಸಮಯಕ್ಕೆ ಚಾಲನೆಗೊಳಿಸಿ, ಅವು ಹಿಂದಿರುಗಿಸುವ ಸಂಖ್ಯೆಯನ್ನು ಓದುತ್ತದೆ. 0 ಎಂದರೆ ಸರಿಯಾಗಿದೆ, 1 ಎಂದರೆ ಎಚ್ಚರಿಕೆ, 2 ಎಂದರೆ ಗಂಭೀರ, 3 ಎಂದರೆ ಸ್ಥಿತಿ ತಿಳಿಯದು. ಒಂದು ಪರೀಕ್ಷೆ ವಿಫಲವಾದ ಕೂಡಲೇ ಸೂಚನೆ ಹೋಗುವುದಿಲ್ಲ. ಅದನ್ನು ಮೊದಲು ‘ಮೃದು’ ಸ್ಥಿತಿಯೆಂದು ಪರಿಗಣಿಸಿ ಮರುಪರೀಕ್ಷೆ ನಡೆಸಲಾಗುತ್ತದೆ. ನಿಗದಿಪಡಿಸಿದಷ್ಟು ಬಾರಿಯೂ ವಿಫಲವಾದರೆ ಮಾತ್ರ ಅದು ‘ದೃಢ’ ಸ್ಥಿತಿಯಾಗಿ ಎಚ್ಚರಿಕೆ ಹೊರಡುತ್ತದೆ. ಯಂತ್ರಗಳ ನಡುವಿನ ಪೋಷಕ ಸಂಬಂಧವನ್ನು ನಮೂದಿಸಿದ್ದಲ್ಲಿ, ಒಂದು ಸ್ವಿಚ್ ಕೆಟ್ಟಾಗ ಅದರ ಹಿಂದಿರುವ ಸರ್ವರ್‌ಗಳನ್ನು ‘ಸ್ಥಗಿತ’ ಎನ್ನದೆ ‘ತಲುಪಲಾಗದು’ ಎಂದು ಗುರುತಿಸುತ್ತದೆ.

ಅನುಸ್ಥಾಪನೆ

ಹಲವು ಲಿನಕ್ಸ್ ವಿತರಣೆಗಳಲ್ಲಿ ನಾಗಿಯೋಸ್ ಸಿದ್ಧ ಪ್ಯಾಕೇಜ್ ರೂಪದಲ್ಲಿ ದೊರೆಯುತ್ತದೆ. ಮೂಲ ಸಂಕೇತದಿಂದ ಅನುಸ್ಥಾಪಿಸುವ ಕ್ರಮ ಹೀಗಿದೆ:

1. ಸಿ ಸಂಕಲಕ, ಅಪಾಚೆ ವೆಬ್ ಸರ್ವರ್, ಪಿಎಚ್‌ಪಿ ಹಾಗೂ ಅಗತ್ಯ ಲೈಬ್ರರಿಗಳನ್ನು ಅಳವಡಿಸುವುದು.
2. ನಾಗಿಯೋಸ್‌ಗಾಗಿಯೇ ಪ್ರತ್ಯೇಕ ಬಳಕೆದಾರ ಖಾತೆಯನ್ನೂ ಗುಂಪನ್ನೂ ರಚಿಸುವುದು.
3. ಮೂಲ ಸಂಕೇತವನ್ನು ಸಂಕಲಿಸಿ, ಕ್ರಮವಿಧಿ, ಸೇವಾ ಕಡತ, ಮಾದರಿ ಸಂರಚನೆ ಹಾಗೂ ವೆಬ್ ಸಂರಚನೆಗಳನ್ನು ಸ್ಥಾಪಿಸುವುದು.
4. ಪ್ಲಗಿನ್‌ಗಳನ್ನು ಪ್ರತ್ಯೇಕವಾಗಿ ಅನುಸ್ಥಾಪಿಸುವುದು.
5. ವೆಬ್ ಪುಟದ ಪ್ರವೇಶಕ್ಕೆ ‘ನಾಗಿಯೋಸ್‌ಅಡ್ಮಿನ್’ ಹೆಸರಿನಲ್ಲಿ ಗುಪ್ತಪದ ನಿಗದಿಪಡಿಸುವುದು.
6. ಸಂರಚನೆಯನ್ನು ಪರಿಶೀಲಿಸಿ ಸೇವೆಯನ್ನು ಆರಂಭಿಸುವುದು.

ಪ್ಯಾಕೇಜ್ ಹಾಗೂ ಮೂಲ ಸಂಕೇತ ಎಂಬ ಎರಡು ವಿಧಾನಗಳಲ್ಲಿ ಕಡತಗಳ ಸ್ಥಾನ ಬೇರೆಬೇರೆಯಾಗಿರುವುದರಿಂದ ಅವೆರಡನ್ನೂ ಒಂದೇ ಸರ್ವರ್‌ನಲ್ಲಿ ಬೆರೆಸಬಾರದು.

ದೋಷ ನಿವಾರಣೆ

ಸೇವೆ ಆರಂಭವಾಗದಿದ್ದರೆ ಮೊದಲು ನಾಗಿಯೋಸ್‌ನ ಪರಿಶೀಲನಾ ಆಯ್ಕೆಯನ್ನು ಬಳಸಬೇಕು. ಅದು ಸಂರಚನಾ ಕಡತದಲ್ಲಿನ ತಪ್ಪನ್ನು ಸಾಲಿನ ಸಂಖ್ಯೆಯೊಡನೆ ತೋರಿಸುತ್ತದೆ.

ಹಿಂದಿರುಗಿದ ಸಂಖ್ಯೆ 127 ಎಂದಿದ್ದರೆ ಸಾಮಾನ್ಯವಾಗಿ ಪ್ಲಗಿನ್ ಕಡತ ಸೂಚಿಸಿದ ಸ್ಥಳದಲ್ಲಿಲ್ಲ ಎಂದರ್ಥ. 126 ಎಂದಿದ್ದರೆ ಕಡತವಿದ್ದರೂ ಅದನ್ನು ಚಾಲನೆಗೊಳಿಸುವ ಅನುಮತಿಯಿಲ್ಲ. ಪ್ಲಗಿನ್ ಅನ್ನು ಕೈಯಾರೆ ಪರೀಕ್ಷಿಸುವಾಗ ರೂಟ್ ಖಾತೆಯನ್ನು ಬಳಸದೆ ನಾಗಿಯೋಸ್ ಖಾತೆಯನ್ನೇ ಬಳಸಬೇಕು. ರೂಟ್‌ಗೆ ಎಲ್ಲ ಅನುಮತಿಗಳೂ ಇರುವುದರಿಂದ ಅನುಮತಿಯ ದೋಷ ಮರೆಯಾಗುತ್ತದೆ.

ವೆಬ್ ಪುಟಕ್ಕೆ ಪ್ರವೇಶ ದೊರೆತರೂ ಮಾಹಿತಿ ನೋಡಲು ಅನುಮತಿಯಿಲ್ಲ ಎಂಬ ಸಂದೇಶ ಬಂದರೆ, ಪ್ರವೇಶಿಸಿದ ಹೆಸರು ವೆಬ್ ಪುಟದ ಸಂರಚನಾ ಕಡತದ ಅಧಿಕೃತ ಪಟ್ಟಿಯಲ್ಲಿಲ್ಲದಿರಬಹುದು. ಎಸ್‌ಇ‌ಲಿನಕ್ಸ್ ಜಾರಿಯಲ್ಲಿರುವ ವ್ಯವಸ್ಥೆಗಳಲ್ಲಿ ಭದ್ರತಾ ನಿಯಮಗಳೂ ವೆಬ್ ಪುಟವನ್ನು ತಡೆಯುವುದುಂಟು.

ದೂರದ ಲಿನಕ್ಸ್ ಸರ್ವರ್‌ನ ಡಿಸ್ಕ್, ಮೆಮೊರಿ ಮುಂತಾದವುಗಳನ್ನು ಪರೀಕ್ಷಿಸಲು ಎನ್‌ಆರ್‌ಪಿಇ ಎಂಬ ಸಹಾಯಕ ತಂತ್ರಾಂಶವನ್ನು ಬಳಸಲಾಗುತ್ತದೆ. ಅದು ಪೂರ್ವನಿಯೋಜಿತವಾಗಿ ಟಿಸಿಪಿ 5666ನೇ ಪೋರ್ಟ್‌ನಲ್ಲಿ ಕಾರ್ಯನಿರ್ವಹಿಸುತ್ತದೆ. ಸಂಪರ್ಕ ವಿಫಲವಾದರೆ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ತೆರೆದಿದೆಯೇ ಹಾಗೂ ಅನುಮತಿಸಿದ ವಿಳಾಸಗಳ ಪಟ್ಟಿಯಲ್ಲಿ ನಾಗಿಯೋಸ್ ಸರ್ವರ್‌ನ ಐಪಿ ವಿಳಾಸವಿದೆಯೇ ಎಂದು ನೋಡಬೇಕು.

ಎಚ್ಚರಿಕೆ ತಲುಪದಿರುವುದು

ವೆಬ್ ಪುಟದಲ್ಲಿ ದೋಷ ಕೆಂಪು ಬಣ್ಣದಲ್ಲಿ ಕಂಡರೂ ನಿರ್ವಾಹಕರಿಗೆ ಇಮೇಲ್ ಬಾರದಿರುವುದು ಗಮನಕ್ಕೆ ಬರಲು ಕಷ್ಟವಾದ ದೋಷವಾಗಿದೆ. ಮಾದರಿ ಸಂರಚನೆಯಲ್ಲಿ ಸಂಪರ್ಕ ವಿಳಾಸವು ಅದೇ ಸರ್ವರ್‌ನ ಸ್ಥಳೀಯ ಖಾತೆಯಾಗಿರುತ್ತದೆ. ಅದನ್ನು ಬದಲಾಯಿಸದಿದ್ದರೆ ಎಚ್ಚರಿಕೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಯಲ್ಲಿ ಉಳಿಯಬಹುದು. ಇಮೇಲ್ ಕಳುಹಿಸುವ ತಂತ್ರಾಂಶ ಸರ್ವರ್‌ನಲ್ಲಿ ಇಲ್ಲದಿರುವುದು ಮತ್ತು ಸೂಚನಾ ಅವಧಿಯನ್ನು ಕಚೇರಿ ವೇಳೆಗೆ ಸೀಮಿತಗೊಳಿಸಿರುವುದು ಇತರ ಕಾರಣಗಳಾಗಿವೆ. ಆದ್ದರಿಂದ ಅನುಸ್ಥಾಪನೆಯ ನಂತರ ಪರೀಕ್ಷೆಗೆಂದು ಒಂದು ಅಮುಖ್ಯ ಸೇವೆಯನ್ನು ನಿಲ್ಲಿಸಿ, ಎಚ್ಚರಿಕೆಯು ಸಂಬಂಧಪಟ್ಟವರನ್ನು ತಲುಪುವುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಮಿತಿಗಳು

ಸಂರಚನೆಯನ್ನು ಪಠ್ಯ ಕಡತಗಳಲ್ಲಿಯೇ ಬರೆಯಬೇಕಾಗುವುದರಿಂದ ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ನಿರ್ವಹಣೆ ಕಠಿಣವಾಗುತ್ತದೆ. ನಾಗಿಯೋಸ್ ನಡೆಯುವ ಸರ್ವರ್ ತಾನೇ ಸ್ಥಗಿತಗೊಂಡರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆ ಮೌನವನ್ನು ಎಲ್ಲವೂ ಸರಿಯಾಗಿದೆ ಎಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಇದನ್ನು ತಪ್ಪಿಸಲು ನಾಗಿಯೋಸ್ ಸರ್ವರ್ ಅನ್ನು ಬೇರೊಂದು ಯಂತ್ರದಿಂದ ಪರೀಕ್ಷಿಸುವ ವ್ಯವಸ್ಥೆ ಇರಬೇಕು.