ತಟ್ಟೆ ತಿರುಗುವಾಗ ಪೆಟ್ಟಿಗೆ ಮುಟ್ಟಬೇಡಿ

1948ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ ಜಯನಗರಕ್ಕೆ ಮೊದಮೊದಲು ಬಂದು ನೆಲೆಸಿದ ಸಂಸಾರಗಳ ನೆನಪುಗಳೆಲ್ಲ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಇರುತ್ತಿದ್ದವು. ಮದುವೆಯ ಫೋಟೊ, ಮಕ್ಕಳ ಜಾತಕ, ಊರಿನಿಂದ ಬಂದ ಕಾಗದಗಳು. ಇಳಿಸುವಾಗ ಕೈಜಾರಿ ಟ್ರಂಕು ಬಿದ್ದರೆ ಸದ್ದಾಗುತ್ತಿತ್ತೇ ಹೊರತು ಫೋಟೊ ಅಳಿಸಿಹೋಗುತ್ತಿರಲಿಲ್ಲ. ಇಂದು ಅದೇ ಮನೆಗಳಲ್ಲಿ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮದುವೆಯ ವಿಡಿಯೊ, ತೀರಿಕೊಂಡ ಅಜ್ಜಿ ಹಾಡಿದ ದೇವರನಾಮ, ಪರದೇಶದಲ್ಲಿರುವ ಮೊಮ್ಮಗನ ಚಿತ್ರ ಎಲ್ಲವೂ ಅಂಗೈಯಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಅಡಗಿವೆ. ಈ ಟ್ರಂಕು ಬಿದ್ದರೆ ಒಳಗಿನದೆಲ್ಲ ಹೋಗಬಹುದು.

ಹಾಗಾದರೆ ಪಕ್ಕದಲ್ಲಿ ಮಿಕ್ಸಿ ಗರ್ರೆಂದಾಗ, ಸ್ಕೂಟರು ಹಂಪ್ ಹಾರಿದಾಗ, ಮನೆಯ ಮುಂದೆ ಮೆಟ್ರೊ ಹಾದಾಗ ಈ ಪೆಟ್ಟಿಗೆಗೆ ಏನಾಗುತ್ತದೆ? ಯಾವ ಅದುರಿಗೆ ಹೆದರಬೇಕು, ಯಾವುದಕ್ಕೆ ಬೇಡ? ಉತ್ತರ ಈ ಯಂತ್ರದ ಚರಿತ್ರೆಯಲ್ಲೇ ಇದೆ.

ಹಾರ್ಡ್ ಡಿಸ್ಕನ್ನು ಗ್ರಾಮಫೋನಿಗೆ ಹೋಲಿಸುವುದುಂಟು. ತಿರುಗುವ ತಟ್ಟೆ, ಮೇಲೊಂದು ತೋಳು. ಆದರೆ ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಲೇಬೇಕು, ಡಿಸ್ಕಿನ 'ಹೆಡ್' ಮುಟ್ಟಲೇಬಾರದು. ಗಾಳಿಯ ತೆಳು ಪದರದ ಮೇಲೆ ಅದು ತೇಲುತ್ತಲೇ ಓದಬೇಕು, ಬರೆಯಬೇಕು.

1956ರಲ್ಲಿ ಐಬಿಎಂ ಹೊರತಂದ 'ರಾಮಾಕ್' ಗಣಕದ ಡಿಸ್ಕ್ ಘಟಕವೇ ಈ ವಂಶದ ಮೂಲಪುರುಷ. ಎರಡಡಿ ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ. ಹಿಡಿಸುತ್ತಿದ್ದುದು ಬರೀ 50 ಲಕ್ಷ ಅಕ್ಷರ. ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ತಲೆಗೂದಲಿನ ದಪ್ಪದ ಕಾಲುಭಾಗದಷ್ಟಿತ್ತು. ಇಂದು ಆ ಅಂತರ ಕೆಲವೇ ನ್ಯಾನೋಮೀಟರು, ಅಂದರೆ ಕೂದಲಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಅಂತರ ಕಡಿಮೆಯಾದಂತೆ ಹೆಚ್ಚು ಮಾಹಿತಿ ಹಿಡಿಯಿತು, ಅಪಾಯವೂ ಹತ್ತಿರ ಬಂತು. ಒಂದು ಟನ್ನಿನ ಯಂತ್ರವನ್ನು ಯಾರೂ ಕೈಯಲ್ಲಿ ಎತ್ತಿಕೊಂಡು ಓಡಾಡುತ್ತಿರಲಿಲ್ಲ. ಅಂಗೈಯ ಪೆಟ್ಟಿಗೆ ಹಾಗಲ್ಲ.

1973ರಲ್ಲಿ ಬಂದ 'ವಿಂಚೆಸ್ಟರ್' ಡಿಸ್ಕು ಹೆಡ್ಡನ್ನೂ ತಟ್ಟೆಯನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಧೂಳನ್ನು ದೂರವಿಟ್ಟಿತು. ಆದರೆ ಚಕ್ರ ನಿಂತಾಗ ಹೆಡ್ಡು ತಟ್ಟೆಯ ಮೇಲೇ ಕೂರುತ್ತಿತ್ತು. ಎಂಬತ್ತರ ದಶಕದಲ್ಲಿ ಆಫೀಸಿನ ಗಣಕವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವ ಮುನ್ನ 'ಪಾರ್ಕ್' ಎಂದು ಟೈಪು ಮಾಡುತ್ತಿದ್ದವರಿಗೆ ಇದು ನೆನಪಿದ್ದೀತು. ಮಾಹಿತಿಯಿಲ್ಲದ ಖಾಲಿ ಜಾಗಕ್ಕೆ ಹೆಡ್ಡನ್ನು ಸರಿಸಿ ನಿಲ್ಲಿಸುವ ಆಜ್ಞೆ ಅದು. ಮುಂದೆ ವಿದ್ಯುತ್ ಹೋದೊಡನೆ ಹೆಡ್ಡು ತಾನಾಗಿಯೇ ಸರಿಯುವ ವ್ಯವಸ್ಥೆ ಬಂತು. ಆಮೇಲೆ ತಟ್ಟೆಯನ್ನೇ ಬಿಟ್ಟು ಅಂಚಿನ ಪುಟ್ಟ ಇಳಿಜಾರು ಮೆಟ್ಟಿಲ ಮೇಲೆ ಹೋಗಿ ಕೂರುವುದನ್ನೂ ಅದು ಕಲಿಯಿತು. 2003ರಲ್ಲಿ ಐಬಿಎಂ ತನ್ನ ಲ್ಯಾಪ್‌ಟಾಪಿನಲ್ಲಿ ಹಠಾತ್ ಚಲನೆಯನ್ನು ಗುರುತಿಸಿ, ನೆಲ ಮುಟ್ಟುವ ಮೊದಲೇ ಹೆಡ್ಡನ್ನು ಸರಿಸುವ ಉಪಾಯ ಹೂಡಿತು. ಉಪಾಯಗಳು ಬದಲಾದವು, ಸೂತ್ರ ಒಂದೇ ಉಳಿಯಿತು: ಪೆಟ್ಟಿಗೆ ಅಲುಗುವಾಗ ಹೆಡ್ಡು ತಟ್ಟೆಯ ಮೇಲೆ ಇರಬಾರದು.

ಹಾಗೆಂದು ಎಲ್ಲ ಅದುರೂ ಮಾರಕವಲ್ಲ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಓಡುತ್ತಿದ್ದ ಡಿಸ್ಕುಗಳ ಮುಂದೆ ನಿಂತು ಗಟ್ಟಿಯಾಗಿ ಕೂಗಿ ತೋರಿಸಿದರು. ಡಿಸ್ಕುಗಳ ಕೆಲಸ ಆ ಕ್ಷಣಕ್ಕೆ ನಿಧಾನವಾಯಿತು. ಕಂಪನದಿಂದ ಹೆಡ್ಡು ತನ್ನ ಗೆರೆ ತಪ್ಪಿದರೆ ಅದೇ ಜಾಗ ಮತ್ತೆ ಸುತ್ತಿಬರುವ ತನಕ ಕಾಯಬೇಕಾಗುತ್ತದೆ. ಸದ್ದು ಅತಿಯಾದರೆ ಮಾತ್ರ ಕಥೆ ಬೇರೆ. 2016ರಲ್ಲಿ ಬುಕಾರೆಸ್ಟ್ ನಗರದ ಬ್ಯಾಂಕೊಂದರ ಗಣಕ ಕೇಂದ್ರದಲ್ಲಿ ಬೆಂಕಿ ಆರಿಸುವ ಅನಿಲದ ಪರೀಕ್ಷೆ ನಡೆದಾಗ, ಅದು ನುಗ್ಗಿದ ಭಾರಿ ಸದ್ದಿಗೇ ಡಿಸ್ಕುಗಳು ಕೆಟ್ಟು ಬ್ಯಾಂಕಿನ ಸೇವೆ ಗಂಟೆಗಟ್ಟಲೆ ನಿಂತಿತು.

ಈಗ ನಮ್ಮ ಮನೆಗೆ ಬರೋಣ. 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಮೆಟ್ರೊ ಬಂತು. ಅದು ಹಾದುಹೋಗುವಾಗ ಮನೆಯೊಳಗೆ ತಿಳಿಯುವ ನಡುಕ ಸಾಮಾನ್ಯವಾಗಿ ಡಿಸ್ಕು ತಾಳಬಲ್ಲ ಮಿತಿಗಿಂತ ಎಷ್ಟೋ ಕಡಿಮೆ. ಡಿಸ್ಕು ಕೆಟ್ಟಿತೆಂದು ಮೆಟ್ರೊವನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ. ಅಪಾಯ ಇರುವುದು ನಮ್ಮ ಮೇಜಿನ ಮೇಲೆಯೇ: ಕಾಲಿಗೆ ತೊಡರುವ ವೈರು, ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆ, ನಕಲು ಮುಗಿಯುವ ಮೊದಲೇ ಎತ್ತಿಕೊಳ್ಳುವ ಅವಸರ. ಓಡುತ್ತಿರುವ ಡಿಸ್ಕು ತಾಳುವ ಪೆಟ್ಟಿಗಿಂತ ನಿಂತ ಡಿಸ್ಕು ತಾಳುವ ಪೆಟ್ಟು ಎರಡು-ಮೂರು ಪಟ್ಟು ಹೆಚ್ಚು.

ಆದ್ದರಿಂದ ಡಿಸ್ಕನ್ನು ಮಲಗಿಸಿಡಿ. ಅಡಿಯಲ್ಲಿ ಜಾರದಂಥ ರಬ್ಬರು ತುಂಡಿರಲಿ, ಗಾಳಿಯಾಡದಂತೆ ಬಟ್ಟೆ ಸುತ್ತುವುದು ಬೇಡ. ಮಿಕ್ಸಿ, ವಾಷಿಂಗ್ ಮೆಷಿನ್, ದೊಡ್ಡ ಸ್ಪೀಕರುಗಳ ಜೊತೆ ಒಂದೇ ಹಲಗೆ ಹಂಚಿಕೊಳ್ಳುವುದು ಬೇಡ. ಕಂಪ್ಯೂಟರಿನಲ್ಲಿ ಕಳಚುವ ಆಜ್ಞೆ ಕೊಟ್ಟು ವೈರು ತೆಗೆದ ಮೇಲೂ ತಟ್ಟೆ ಕೆಲವು ಕ್ಷಣ ತಿರುಗುತ್ತಿರುತ್ತದೆ. ಹತ್ತಿಪ್ಪತ್ತು ಎಣಿಸಿ ಆಮೇಲೆ ಎತ್ತಿ. ಮೆತ್ತನೆಯ ಚೀಲದಲ್ಲಿಟ್ಟರೆ ಬಿ.ಟಿ.ಎಂ. ಬಡಾವಣೆಯ ಹಂಪುಗಳನ್ನೂ ಅದು ದಾಟೀತು. ಟಕ್ ಟಕ್ ಸದ್ದು ಕೇಳಿದರೆ ಮತ್ತೆ ಮತ್ತೆ ಹಚ್ಚಿ ನೋಡದೆ ಬಲ್ಲವರಿಗೆ ತೋರಿಸಿ.

ಇಷ್ಟಾದರೂ ಯಂತ್ರ ಯಂತ್ರವೇ. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಅದುರಿನ ಭಯವಿಲ್ಲ, ಆದರೆ ಅದೂ ಚಿರಂಜೀವಿಯಲ್ಲ. ಹತ್ತನೆಯ ಶತಮಾನದ ಪಂಪನ ಕಾವ್ಯ ನಮ್ಮ ಕೈಸೇರಿದ್ದು ಅವನೇ ಬರೆದ ಓಲೆಗರಿಯಿಂದಲ್ಲ. ಓಲೆ ಶಿಥಿಲವಾಗುವ ಮುನ್ನ ಯಾರೋ ಲಿಪಿಕಾರರು ಕೂತು ಪ್ರತಿ ಮಾಡಿದರು, ಆ ಪ್ರತಿಗೆ ಮತ್ತೊಂದು ಪ್ರತಿ ಹುಟ್ಟಿತು. ಅಜ್ಜಿಯ ದೇವರನಾಮಕ್ಕೂ ಅದೇ ದಾರಿ. ಒಂದು ಪ್ರತಿ ನಿಮ್ಮ ಮೇಜಿನ ಮೇಲಿರಲಿ, ಇನ್ನೊಂದು ಮಗಳ ಮನೆಯಲ್ಲಿರಲಿ.