ತೊಗಲುಗೊಂಬೆಯ ಪರದೆ, ಮೊಬೈಲಿನ ಪರದೆ

ಮಾಧ್ಯಮಗಳು ಒಂದರೊಳಗೊಂದು ಬೆರೆತದ್ದು ಇಂಟರ್ನೆಟ್ ಬಂದ ಮೇಲೆ ಎಂಬ ಮಾತಿದೆ. ಬಳ್ಳಾರಿ ಸೀಮೆಯ ಮಟ್ಟಿಗೆ ಇದನ್ನು ಒಪ್ಪಲಾಗದು. ಇಲ್ಲಿನ ತೊಗಲುಗೊಂಬೆಯಾಟದಲ್ಲಿ ಚಿತ್ರ, ಬೆಳಕು, ಹಾಡು, ಮಾತು ಎಲ್ಲವೂ ಒಂದೇ ಪರದೆಯ ಮೇಲೆ ಸೇರುತ್ತಿದ್ದವು. ಗೊಂಬೆಯಾಟದ ಕಲಾವಿದ ಬೆಳಗಲ್ಲು ವೀರಣ್ಣ ಅದೇ ಪರದೆಯ ಮೇಲೆ ರಾಮಾಯಣದ ಜೊತೆಗೆ ಗಾಂಧೀಜಿಯ ಬದುಕನ್ನೂ ಆಡಿಸಿದರು. ಪುರಾಣದ ಆಟ ಅವರ ಕೈಯಲ್ಲಿ ನಿನ್ನೆ ಮೊನ್ನೆಯ ಚರಿತ್ರೆಯನ್ನೂ ಹೇಳಿತು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡದ್ದು ಈ ಸೀಮೆಗೆ ದೊಡ್ಡ ನಷ್ಟ.

ವೀರಣ್ಣನವರಿಗೂ ಹಿಂದೆ, ವಕೀಲರಾಗಿದ್ದ ಬಳ್ಳಾರಿ ರಾಘವ ನಾಟಕದ ಕೀರ್ತಿಯನ್ನು ಬೆನ್ನಿಗಿಟ್ಟುಕೊಂಡೇ ತೆಲುಗು ಟಾಕಿಗೆ ಹೋದರು. 1939ರ ‘ರೈತುಬಿಡ್ಡ’ದಲ್ಲಿ ನಟಿಸಿದರು. ದರೋಜಿಯ ಬುರ್ರಕಥಾ ಈರಮ್ಮನವರದು ಇನ್ನೊಂದು ದಾರಿ. ಅಕ್ಷರ ಕಲಿಯದ ಆ ತಾಯಿಯ ನಾಲಿಗೆಯ ಮೇಲಿದ್ದ ಕಾವ್ಯಗಳು ಅಚ್ಚಿಗೆ ಬಂದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಕನ್ನಡ ತೆಲುಗು ಎರಡೂ ಮನೆಮಾತಾದ ನೆಲದಲ್ಲಿ ಕಥೆ ಒಂದು ರೂಪದಿಂದ ಇನ್ನೊಂದಕ್ಕೆ ದಾಟುವುದು ಹೊಸತೇನಲ್ಲ.

ಆಮೇಲೆ ಹೊಸಪೇಟೆ ಆಕಾಶವಾಣಿ ಬಂತು, ಮನೆಮನೆಗೆ ಕೇಬಲ್ ಬಂತು. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಲ್ಲಿ ಎದುರುಬದುರಾದಾಗ ದೇಶದ ಟಿವಿ ಕ್ಯಾಮೆರಾಗಳೆಲ್ಲ ಬಳ್ಳಾರಿಯತ್ತ ತಿರುಗಿದವು. ಆದರೂ ಅಂದು ರೇಡಿಯೊ ರೇಡಿಯೊ ಆಗಿಯೇ, ಪತ್ರಿಕೆ ಪತ್ರಿಕೆಯಾಗಿಯೇ ಉಳಿದಿತ್ತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಗೋಡೆಗಳು ಬಿದ್ದವು.

ಇದು ಎಷ್ಟರಮಟ್ಟಿಗೆ ನಿಜವೆಂದು ತೋರಿಸಿದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ (ಟಿ.ಬಿ. ಡ್ಯಾಂ) 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಸಿರುಗುಪ್ಪದವರಿಗೆ ನದಿ ಪಕ್ಕದಲ್ಲೇ ಇದೆ. ಕುರುಗೋಡಿನ ಭತ್ತ, ಮೆಣಸಿನಕಾಯಿ ಬೆಳೆಗಾರರಿಗೆ ಕಾಲುವೆ ನೀರೇ ಜೀವ. ಒಬ್ಬರಿಗೆ ನೀರು ನುಗ್ಗುವ ಭಯ, ಇನ್ನೊಬ್ಬರಿಗೆ ನೀರು ಉಳಿಯದ ಭಯ. ಸುದ್ದಿ ಬಂದದ್ದು ಮೊಬೈಲಿಗೆ: ಯಾರೋ ತೆಗೆದ ವಿಡಿಯೊ, ಟಿವಿಯ ತುಣುಕು, ಪತ್ರಿಕೆಯ ಪುಟದ ಫೋಟೊ, ನೆಂಟರ ವಾಯ್ಸ್ ಮೆಸೇಜ್, ಅಧಿಕಾರಿಗಳ ಎಚ್ಚರಿಕೆ, ಎಲ್ಲ ಒಂದೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದರ ಕೆಳಗೊಂದು. ಮೊಬೈಲಿನ ವಿಡಿಯೊ ಟಿವಿಗೆ ಹೋಗುತ್ತದೆ, ಟಿವಿಯದ್ದು ಯೂಟ್ಯೂಬಿಗೆ, ಅಲ್ಲಿಂದ ಯಾರದೋ ಸ್ಟೇಟಸ್ಸಿಗೆ. ಒಂದು ವಾರದಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂಡಿಸಿದಾಗ ಸಮಾಧಾನವೂ ಇದೇ ದಾರಿಯಲ್ಲಿ ಬಂತು.

ಇದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಗದ್ದೆಯಲ್ಲಿ ನಿಂತ ರೈತನಿಗೆ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ಆ ಗಳಿಗೆಯಲ್ಲೇ ಸಿಗುತ್ತದೆ. ಓದಲು ಬಾರದವರು ಕೇಳಿ ತಿಳಿಯುತ್ತಾರೆ. ಆದರೆ ಬೆರೆಯುವ ಭರದಲ್ಲಿ ಹೇಳಿದವರ ಹೆಸರು ಮೊದಲು ಕಳಚುತ್ತದೆ, ಆಮೇಲೆ ತಾರೀಖು. ವೀರಣ್ಣನವರ ಪರದೆಯ ಹಿಂದೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಪತ್ರಿಕೆ ತಪ್ಪು ಬರೆದರೆ ಸಂಪಾದಕರನ್ನು ಕೇಳಬಹುದಿತ್ತು. ‘ಫಾರ್ವರ್ಡ್’ ಆಗಿ ಬಂದ ವಿಡಿಯೊ ಯಾವ ವರ್ಷದ ಪ್ರವಾಹದ್ದೆಂದು ಯಾರನ್ನು ಕೇಳುವುದು? ತಂತ್ರಜ್ಞಾನಕ್ಕಿಂತ ಈ ಬೇವಾರಸಿತನವೇ ನನಗೆ ಹೆಚ್ಚು ಕಳವಳ ತರುವ ಬದಲಾವಣೆ.

ಆದ್ದರಿಂದ ನದಿ, ಕಾಲುವೆಗಳ ವಿಡಿಯೊ ತೆಗೆಯುವ ನಮ್ಮ ಹುಡುಗರಲ್ಲಿ ಒಂದು ಕೋರಿಕೆ: ಊರು, ತಾರೀಖು, ಹೊತ್ತು ಇವನ್ನು ವಿಡಿಯೊದಲ್ಲೇ ಬಾಯಿಬಿಟ್ಟು ಹೇಳಿ, ಆಮೇಲೆ ಕಳಿಸಿ.